ಚಾಪರ್ ಸೈಕಲ್ಲಿಗೆ ಮೋಟಾರ್: ಮೊದಲು ಮುಂಗಾಲು ಸರಿಯಿರಲಿ

ಮೋಟಾರ್ ಇರುವ ಚಾಪರ್ ಸೈಕಲ್ ಕಟ್ಟಬೇಕೆಂದು ಬರುವವರು ಮೊದಲು ಕೇಳುವುದು ಎಷ್ಟು ವ್ಯಾಟ್ ಹಾಕಲಿ ಎಂದು. ನಾನು ತಿರುಗಿ ಕೇಳುವುದು ಹೆಡ್ ಟ್ಯೂಬಿನ, ಅಂದರೆ ಫ್ರೇಮಿನ ಮುಂದೆ ಹ್ಯಾಂಡಲ್ ಕಂಬ ತೂರುವ ಕೊಳವೆಯ, ಕೋನ ಎಷ್ಟು ಎಂದು. ಹೆಚ್ಚಿನವರು ಅದನ್ನು ಅಳೆದೇ ಇರುವುದಿಲ್ಲ. ಮುಂದಿನ ಚಕ್ರ ಹಿಡಿಯುವ ಉದ್ದನೆಯ ಫೋರ್ಕ್, ಎತ್ತರದ ಹ್ಯಾಂಡಲ್, ಕೆಳಗಿನ ಸೀಟು ಕಣ್ಣಿಗೆ ಚೆಂದ. ಆದರೆ ಆ ಚೆಂದವೇ ಸೈಕಲ್ಲಿನ ಓಟವನ್ನು ಕೆಡಿಸುವುದೂ ಹೌದು. ಪೆಡಲ್ ತುಳಿದು ಹೋಗುವಾಗ ಕಾಣದ ದೋಷ ಮೋಟಾರ್ ಕೂರಿಸಿದ ದಿನ ಎದ್ದು ಬರುತ್ತದೆ.

ಸಾಮಾನ್ಯ ಸೈಕಲ್ಲಿನ ಹೆಡ್ ಟ್ಯೂಬ್ ನೆಲಕ್ಕೆ 71ರಿಂದ 73 ಡಿಗ್ರಿ ಕೋನದಲ್ಲಿರುತ್ತದೆ. ಅದರ ನಡುಗೆರೆಯನ್ನು ನೆಲದವರೆಗೆ ಎಳೆಯಿರಿ. ಅದು ನೆಲ ಮುಟ್ಟುವ ಜಾಗ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದಿರುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. 26 ಇಂಚಿನ ಚಕ್ರ, 72 ಡಿಗ್ರಿ ಕೋನ, ಫೋರ್ಕಿನ ಆಫ್‌ಸೆಟ್ (ಆ ನಡುಗೆರೆಯಿಂದ, ಅಂದರೆ ಸ್ಟಿಯರಿಂಗ್ ಗೆರೆಯಿಂದ, ಚಕ್ರದ ಆಕ್ಸಲ್ ಮುಂದಿರುವ ದೂರ) 45 ಮಿಲಿಮೀಟರ್ ಇದ್ದರೆ ಟ್ರೇಲ್ ಸುಮಾರು 60 ಮಿಲಿಮೀಟರ್. ಅದೇ ಚಕ್ರ, ಅದೇ ಆಫ್‌ಸೆಟ್ ಇಟ್ಟುಕೊಂಡು ಕೋನವನ್ನು 55 ಡಿಗ್ರಿಗೆ ಮಲಗಿಸಿದರೆ ಟ್ರೇಲ್ 176ಕ್ಕೆ ಏರುತ್ತದೆ, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು.

ಟ್ರೇಲ್ ಹೆಚ್ಚಿದರೆ ನೇರ ರಸ್ತೆಯಲ್ಲಿ ಸೈಕಲ್ ಅಲುಗಾಡದೆ ಓಡುತ್ತದಲ್ಲ, ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ವೇಗದಲ್ಲಿ ಹೌದು. ನಿಧಾನಕ್ಕೆ ತಿರುಗಿಸಿ ನೋಡಿ: ಹ್ಯಾಂಡಲ್ ಚೂರು ತಿರುಗಿದೊಡನೆ ಮುಂಭಾಗ ಕುಸಿದು, ಚಕ್ರ ತಾನಾಗಿಯೇ ಆ ಬದಿಗೆ ವಾಲುತ್ತದೆ. ಈ ವಾಲುವ ಗುಣಕ್ಕೂ ಒಂದು ಅಳತೆಯಿದೆ. ಮೊದಲಿನ ಸೈಕಲ್ಲಿನಲ್ಲಿ ಅದು 18 ಮಿಲಿಮೀಟರಿನಷ್ಟಿದ್ದರೆ ಎರಡನೆಯದರಲ್ಲಿ 83. ಕೈ ಸೋಲುವುದು ಇಲ್ಲೇ.

ಮದ್ದು ಆಫ್‌ಸೆಟ್‌ನಲ್ಲಿದೆ. ಅದೇ 55 ಡಿಗ್ರಿಯಲ್ಲಿ ಆಕ್ಸಲನ್ನು ಸ್ಟಿಯರಿಂಗ್ ಗೆರೆಯಿಂದ 107 ಮಿಲಿಮೀಟರ್ ಮುಂದಕ್ಕೆ ತಂದರೆ ಟ್ರೇಲ್ 100ಕ್ಕೆ ಇಳಿಯುತ್ತದೆ, ವಾಲುವಿಕೆ 47ಕ್ಕೆ. ಫೋರ್ಕಿನ ಎರಡು ಕಾಲುಗಳನ್ನು ಮೇಲೆ ಜೋಡಿಸುವ ಕ್ರೌನ್ ಪ್ಲೇಟುಗಳನ್ನು ಅಗಲವಾಗಿ ಕತ್ತರಿಸಿ ಕಾಲುಗಳನ್ನು ಮುಂದೆ ಕೂರಿಸಬಹುದು, ಇಲ್ಲವೇ ಆಕ್ಸಲ್ ಕೂರುವ ಸೀಳಾದ ಡ್ರಾಪೌಟನ್ನು ಕಾಲಿನ ಮುಂಬದಿಗೆ ಬೆಸೆಯಬಹುದು. ನಾನು ಎರಡನ್ನೂ ಅರ್ಧರ್ಧ ಮಾಡುತ್ತೇನೆ, ಕಣ್ಣಿಗೂ ವಿಚಿತ್ರ ಕಾಣುವುದಿಲ್ಲ. ಇದೆಲ್ಲ ಕಬ್ಬಿಣ ಕತ್ತರಿಸುವ ಮೊದಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜ ಅಳತೆಗೆ ಬರೆದು ತೀರ್ಮಾನವಾಗಬೇಕು.

ಇದನ್ನೆಲ್ಲ ಬಿಟ್ಟು, ಇರುವ ಫ್ರೇಮಿಗೆ ಉದ್ದ ಫೋರ್ಕ್ ಸಿಕ್ಕಿಸಿ ಕೈತೊಳೆದುಕೊಳ್ಳುವವರೇ ಜಾಸ್ತಿ. ಹಾಗೆ ಮಾಡಿದಾಗ ಇಡೀ ಫ್ರೇಮ್ ಹಿಂದಕ್ಕೆ ಓರೆಯಾಗುತ್ತದೆ. 17 ಡಿಗ್ರಿ ಓರೆಯಾದರೆ ಪೆಡಲ್ ತಿರುಗುವ ಅಚ್ಚಿನ ಜಾಗ, ಬಾಟಮ್ ಬ್ರಾಕೆಟ್, ಸುಮಾರು 12 ಸೆಂಟಿಮೀಟರ್ ಮೇಲೇರುತ್ತದೆ, ಸೀಟು ಹಿಂದಿನ ಚಕ್ರದ ತಲೆಯ ಮೇಲೆ ಹೋಗಿ ಕೂರುತ್ತದೆ. ಸವಾರನ ಭಾರವೆಲ್ಲ ಹಿಂದೆ. ಅಲ್ಲೇ ಮೋಟಾರೂ ಇದ್ದರೆ ಎಕ್ಸಿಲರೇಟರ್ ತಿರುಚಿದ ಕೂಡಲೇ ಮುಂದಿನ ಚಕ್ರ ನೆಲ ಬಿಡುತ್ತದೆ. ಈ ತಲೆನೋವು ಹೊಸದಲ್ಲ. ಮುಂದೆ 16 ಇಂಚು, ಹಿಂದೆ 20 ಇಂಚಿನ ಚಕ್ರವಿದ್ದ ಬ್ರಿಟನ್ನಿನ ಹಳೆಯ ಸೈಕಲ್ ರ್‍ಯಾಲಿ ಚಾಪರ್ ಕೂಡ ಹಿಂದಕ್ಕೆ ಮಗುಚುತ್ತದೆಂಬ ದೂರು ಹೊತ್ತಿತ್ತು. 1972ರಲ್ಲಿ ಬಂದ ಎರಡನೇ ಮಾದರಿಯಲ್ಲಿ ಸೀಟನ್ನು ಮುಂದಕ್ಕೆ ತಂದರು. ಅದಕ್ಕೆ ಮೋಟಾರೂ ಇರಲಿಲ್ಲ, ನೆನಪಿರಲಿ.

ಇನ್ನು ಬಲದ ಮಾತು. ಮಲಗಿದ ಫೋರ್ಕನ್ನು ಸವಾರನ ಭಾರವೇ ಬಗ್ಗಿಸುತ್ತದೆ. ಅದೇ ಭಾರಕ್ಕೆ, 72 ಡಿಗ್ರಿಗೆ ಹೋಲಿಸಿದರೆ 55 ಡಿಗ್ರಿಯಲ್ಲಿ ಫೋರ್ಕಿಗೆ ಅಡ್ಡವಾಗಿ ಬೀಳುವ ಬಲ ಹೆಚ್ಚುಕಡಿಮೆ ಎರಡು ಪಟ್ಟು. ಫೋರ್ಕಿನ ಉದ್ದವನ್ನೂ ಇಮ್ಮಡಿ ಮಾಡಿದರೆ ಕ್ರೌನ್ ಬಳಿಯ ಒತ್ತಡ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಗುಂಡಿಗೆ ಬಿದ್ದಾಗಿನ ಲೆಕ್ಕ ಬೇರೆಯೇ. ಆದ್ದರಿಂದ ಒಂಟಿ ಕ್ರೌನ್ ಬೇಡವೇ ಬೇಡ. ಹೆಡ್ ಟ್ಯೂಬಿನ ಮೇಲೊಂದು ಕೆಳಗೊಂದು ಪ್ಲೇಟ್ ಇರುವ ಫೋರ್ಕೇ ಆಗಬೇಕು. ಹಳೆಯ ಫೋರ್ಕಿನ ಕಾಲು ಕತ್ತರಿಸಿ ಇನ್ನೊಂದರ ತುದಿಗೆ ಬೆಸೆಯುವ ಉಪಾಯ ಎಲ್ಲೆಡೆ ಕಾಣುತ್ತದೆ. ತುದಿಗೆ ತುದಿ ಕೂಡಿಸಿ ಸುತ್ತ ಬೆಸುಗೆ ಹಾಕಿದ ಕೊಳವೆ ಹೆಚ್ಚಾಗಿ ಮುರಿಯುವುದು ಬೆಸುಗೆಯಲ್ಲಲ್ಲ, ಅದರ ಅಂಚಿನಲ್ಲಿ ಕಾದು ಗುಣ ಬದಲಾದ ಲೋಹದಲ್ಲಿ. ಒಂದೇ ಉದ್ದನೆಯ ಉಕ್ಕಿನ ಕೊಳವೆ ತನ್ನಿ. ಕೂಡಿಸಲೇಬೇಕಾದರೆ ಒಳಗೆ ಬಿಗಿಯಾದ ತೋಳು ತೂರಿಸಿ, ಕೊಳವೆಯನ್ನು ಓರೆಯಾಗಿ ಕತ್ತರಿಸಿ ಬೆಸೆಯಿರಿ. ಸತು ಲೇಪಿಸಿದ ನೀರಿನ ಪೈಪು ಅಗ್ಗವೆಂದು ಕೈಹಾಕಬೇಡಿ: ಬೆಸುಗೆಯಲ್ಲಿ ಏಳುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಮೋಟಾರಿಗೆ ಈಗ ಬರೋಣ. ಪೆಟ್ರೋಲ್ ಕಿಟ್ಟಿನ ಸದ್ದು ಚಾಪರಿಗೆ ಒಪ್ಪುತ್ತದೆ ಎನ್ನುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ. 80 ಸಿಸಿ ಎಂದು ಮಾರುವ ಎರಡು ಸ್ಟ್ರೋಕಿನ ಎಂಜಿನ್ನುಗಳ ಬೋರು 47, ಸ್ಟ್ರೋಕು 38 ಮಿಲಿಮೀಟರ್ ಇದ್ದರೆ ನಿಜವಾದ ಗಾತ್ರ 66 ಸಿಸಿ ಎಂದಷ್ಟೇ ಹೇಳುತ್ತೇನೆ. ಅದರ ನಡುಕಕ್ಕೆ ಬೋಲ್ಟುಗಳೂ ಸಡಿಲವಾಗುತ್ತವೆ, ಹಿಂದಿನ ಸ್ಪೋಕುಗಳಿಗೆ ಕಚ್ಚಿಸಿದ ಸ್ಪ್ರಾಕೆಟ್ಟೂ ಓರೆಯಾಗುತ್ತದೆ. ಮನೆಯಲ್ಲಿ ಕಟ್ಟುವವರಿಗೆ ನನ್ನ ಸಲಹೆ ಹಿಂದಿನ ಚಕ್ರದ ನಡುವೆಯೇ ಕೂರುವ ಹಬ್ ಮೋಟಾರು.

ಅದರಲ್ಲಿ ಎಲ್ಲರೂ ಕಡೆಗಣಿಸುವ ಭಾಗ ಆಕ್ಸಲ್. ಮೋಟಾರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವುದು ಡ್ರಾಪೌಟಿನಲ್ಲಿ ಕೂರುವ ಎರಡು ಚಪ್ಪಟೆ ಮೈಗಳು ಮಾತ್ರ, ಅವುಗಳ ನಡುವಿನ ಅಂತರ ಬರೀ 10 ಮಿಲಿಮೀಟರ್. 40 ನ್ಯೂಟನ್ ಮೀಟರಿನ ಆ ತಿರುಚು ಬಲವನ್ನು (ಟಾರ್ಕ್) ಅಷ್ಟು ಸಣ್ಣ ಜಾಗ ಹಿಡಿಯಬೇಕೆಂದರೆ ಅಂಚುಗಳ ಮೇಲೆ ಸುಮಾರು 400 ಕಿಲೋ ತೂಕದಷ್ಟು ಒತ್ತಡ. ಡ್ರಾಪೌಟ್ ಬಾಯಿ ಅಗಲವಾಗಿ, ಆಕ್ಸಲ್ ಗಿರ್ರೆಂದು ಸುತ್ತಿ, ಒಳಗಿನಿಂದ ಬರುವ ವೈರುಗಳನ್ನು ಹಗ್ಗದಂತೆ ಹೊಸೆದು ಕತ್ತರಿಸಿಬಿಡುತ್ತದೆ. ಆಕ್ಸಲಿಗೆ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ತೊಡಿಸಿ, ಅದರ ಇನ್ನೊಂದು ತುದಿಯನ್ನು 10 ಸೆಂಟಿಮೀಟರ್ ದೂರದಲ್ಲಿ ಫ್ರೇಮಿಗೆ ಬಿಗಿದರೆ ಅಲ್ಲಿ ಬೀಳುವುದು 40 ಕಿಲೋದಷ್ಟೇ. ಚಪ್ಪಟೆ ಮೈಗೂ ಆರ್ಮಿಗೂ ನಡುವೆ ಉಗುರು ಸಿಕ್ಕುವಷ್ಟು ಸಡಿಲವೂ ಇರಕೂಡದು.

ಬ್ಯಾಟರಿಯನ್ನು ಆದಷ್ಟು ಕೆಳಗೆ, ಪೆಡಲಿಗಿಂತ ಮುಂದೆ ಇಡಿ. ಮುಂದಿನ ಚಕ್ರಕ್ಕೆ ಬೇಕಾದ ಭಾರ ಅಲ್ಲಿಂದ ಸಿಗುತ್ತದೆ. 48 ವೋಲ್ಟಿನ ಲಿಥಿಯಂ ಪ್ಯಾಕ್ ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 54.6 ವೋಲ್ಟ್ ತೋರಿಸುತ್ತದೆ. ಹಾಗಾಗಿ ಫ್ಯೂಸು ಅದಕ್ಕೆ ತಕ್ಕದ್ದಿರಲಿ, ಬ್ಯಾಟರಿಯ ಬಾಯಲ್ಲೇ ಇರಲಿ.

ಬ್ರೇಕಿನ ವಿಷಯದಲ್ಲಿ ಚಾಪರ್ ನಮ್ಮ ಅಭ್ಯಾಸವನ್ನು ತಲೆಕೆಳಗು ಮಾಡುತ್ತದೆ. ಸಾಮಾನ್ಯ ಸೈಕಲ್ಲಿನಲ್ಲಿ ಮುಂದಿನ ಬ್ರೇಕೇ ಯಜಮಾನ. ಇಲ್ಲಿ ಸೈಕಲ್ ಉದ್ದ, ಸವಾರ ಹಿಂದೆ ಮತ್ತು ಕೆಳಗೆ. ಮುಂದಿನ ಟೈರಿನ ಮೇಲೆ ಭಾರ ಕಡಿಮೆಯಿರುವುದರಿಂದ ಅದು ಬೇಗ ಜಾರುತ್ತದೆ, ಹಿಂದಿನ ಬ್ರೇಕು ಹೆಚ್ಚು ಕೆಲಸ ಮಾಡಬೇಕು. ಹಿಂದೆ ಒಳ್ಳೆಯ ಡಿಸ್ಕ್ ಹಾಕಿ. ವೇಗ 20ರಿಂದ 40ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಲಿವರ್ ಮುಟ್ಟಿದೊಡನೆ ಮೋಟಾರ್ ನಿಲ್ಲಿಸುವ ಸ್ವಿಚ್ಚೂ ಬೇಕು. ಎಷ್ಟು ವ್ಯಾಟ್‌ವರೆಗೆ ಸೈಕಲ್, ಎಲ್ಲಿಂದ ಮುಂದೆ ನೋಂದಣಿ ಬೇಕಾದ ವಾಹನ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಆ ಗೆರೆ 250 ವ್ಯಾಟ್. ನಿಮ್ಮಲ್ಲಿನದನ್ನು ಮೋಟಾರ್ ಕೊಳ್ಳುವ ಮೊದಲೇ ತಿಳಿದುಕೊಳ್ಳಿ.

ಮೊದಲ ಓಟ ಮೋಟಾರ್ ಬಂದ್ ಮಾಡಿಯೇ ಆಗಲಿ, ಮೆಲ್ಲನೆಯ ಇಳಿಜಾರಿನಲ್ಲಿ. ಹ್ಯಾಂಡಲ್ ನಡುಗಿದರೆ ಹೆಡ್ ಟ್ಯೂಬಿನ ಬೇರಿಂಗಾದ ಹೆಡ್‌ಸೆಟ್ಟಿನ ಬಿಗಿ, ಚಕ್ರಗಳ ಸಾಲು ನೋಡಿ. ಆಮೇಲೆ ಮೋಟಾರನ್ನು ಹತೋಟಿಯಲ್ಲಿಡುವ ಕಂಟ್ರೋಲರಿನ ಕರೆಂಟ್ ಮಿತಿಯನ್ನು ಅರ್ಧಕ್ಕಿಳಿಸಿ ಓಡಿಸಿ. ಕ್ರೌನಿನ ಸುತ್ತ ಕ್ರೋಮು, ದಪ್ಪ ಬಣ್ಣ ಈಗಲೇ ಬೇಡ. ತೆಳ್ಳಗೆ ಬಿಳಿ ಪ್ರೈಮರ್ ಹೊಡೆದು ಬಿಡಿ. ಬೆಸುಗೆಯ ಅಂಚಿನಲ್ಲಿ ಬಿರುಕು ಹುಟ್ಟಿದರೆ ಪ್ರೈಮರಿನ ಮೇಲೆ ತುಕ್ಕಿನ ಸಣ್ಣ ಕಂದು ಗೆರೆಯಾಗಿ ಕಾಣುತ್ತದೆ. ಅದು ಕಂಡರೆ ಫೋರ್ಕ್ ಕಳಚಿ, ಹೊಸದು ಕಟ್ಟಿ. ಬಿರುಕಿನ ಮೇಲೆ ಮತ್ತೆ ಬೆಸುಗೆ ಹಾಕಿಸಿಕೊಳ್ಳಲು ನನ್ನಲ್ಲಿಗೆ ಬರಬೇಡಿ, ನಾನು ಹಾಕುವುದಿಲ್ಲ.