ಆಲ್ಟರ್ ಮಾಡಿಸಿದ ಗಾಡಿಗೆ ಬೇರೆ ದೇಶದ ನಂಬರ್: ಗಂಟು ಬಿದ್ದದ್ದು ಎಲ್ಲಿ?

ದಾವಣಗೆರೆಯಿಂದ ಕೆಲಸಕ್ಕೆ ಅಂತ ಜರ್ಮನಿಗೋ ಆಸ್ಟ್ರೇಲಿಯಾಕ್ಕೋ ಹೋಗಿ ಅಲ್ಲೇ ನೆಲೆ ನಿಲ್ಲುವವರು ಈಗ ಜಾಸ್ತಿ. ಅವರಲ್ಲಿ ಕೆಲವರಿಗೆ ಊರಲ್ಲಿ ಬಿಟ್ಟು ಬಂದ ಗಾಡಿಯದೇ ಯೋಚನೆ. ಅಪ್ಪ ಓಡಿಸಿದ ಜೀಪು, ಕಾಲೇಜಿಗೆ ಹೋಗುತ್ತಿದ್ದ ಬುಲೆಟ್. ಹಡಗಿನಲ್ಲಿ ತರಿಸಿಕೊಂಡರೆ ಅಲ್ಲಿ ನಂಬರ್ ಹಾಕಿಸಬಹುದಾ? ಗ್ಯಾರೇಜಿನವರು ಆಗುತ್ತೆ ಅನ್ನುತ್ತಾರೆ. ಏಜೆಂಟರು ನೋಡೋಣ ಅನ್ನುತ್ತಾರೆ. ಅಲ್ಲೇ ಇರುವ ನೆಂಟರು ಆ ಯೋಚನೆಯನ್ನೇ ಬಿಡು ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಈ ವಿಷಯದ ಒಂದೊಂದು ತುದಿ ಹಿಡಿದಿದ್ದಾರೆ ಅಷ್ಟೆ.

ಮೊದಲು ಬಿಡಿಸಿಕೊಳ್ಳಬೇಕಾದ್ದು ಒಂದಿದೆ. ಬೇರೆ ದೇಶಕ್ಕೆ ಗಾಡಿ ತೆಗೆದುಕೊಂಡು ಹೋಗಿ ಬರುವುದು ಬೇರೆ, ಅಲ್ಲಿ ಅದನ್ನು ರಿಜಿಸ್ಟರ್ ಮಾಡಿಸುವುದು ಬೇರೆ. ಹೋಗಿ ಬರುವ ದಾರಿಗೆ ನೂರು ವರ್ಷಕ್ಕೂ ಹಳೆಯ ಒಪ್ಪಂದಗಳಿವೆ. 1909ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗಿ, 1926ರಲ್ಲಿ ತಿದ್ದುಪಡಿಯಾಗಿ, 1949ರಲ್ಲಿ ಜಿನೀವಾದಲ್ಲಿ ಗಟ್ಟಿಯಾದ ವ್ಯವಸ್ಥೆ ಅದು. ಭಾರತ ಜಿನೀವಾ ಒಪ್ಪಂದಕ್ಕೆ 1962ರಲ್ಲಿ ಸೇರಿತು. ಅದರ ಪ್ರಕಾರ ನಮ್ಮ ಕೆಎ-17 ನಂಬರಿನ ಗಾಡಿ ಹಿಂದೆ ‘ಐಎನ್‌ಡಿ’ ಅಂತ ಬರೆದುಕೊಂಡು ಒಪ್ಪಂದದಲ್ಲಿರುವ ಇನ್ನೊಂದು ದೇಶದಲ್ಲಿ ಒಂದು ವರ್ಷದವರೆಗೆ ಅತಿಥಿಯಾಗಿ ಓಡಬಹುದು. ಸುಂಕದ ಕಡೆಯಿಂದ ಕಾರ್ನೆ ಅನ್ನುವ ಪುಸ್ತಕ ಇರುತ್ತದೆ. ಗಾಡಿಯನ್ನು ವಾಪಸ್ ತರುತ್ತೇವೆ, ತರದಿದ್ದರೆ ಸುಂಕ ಕಟ್ಟುತ್ತೇವೆ ಅನ್ನುವುದಕ್ಕೆ ಅದೇ ಜಾಮೀನು. ನಮ್ಮ ದೇಶದಿಂದ ಲಂಡನ್‌ವರೆಗೆ ಕಾರಿನಲ್ಲಿ ಹೋಗಿ ಬಂದವರು ಈ ಕಾರ್ನೆ ಹಿಡಿದೇ ಹೋದವರು. ಅತಿಥಿ ಗಾಡಿಯ ಎಂಜಿನ್ ಬದಲಾಗಿದೆಯಾ, ಪಾಟಾ (ಸ್ಪ್ರಿಂಗ್ ಪಟ್ಟಿ) ಎತ್ತರಿಸಿದ್ದಾರಾ ಅಂತ ಗಡಿಯಲ್ಲಿ ಬಾನೆಟ್ ಎತ್ತಿ ನೋಡುವುದು ಕಡಿಮೆ. ಬ್ರೇಕು, ದೀಪ, ಕಾಗದ ಸರಿ ಇದ್ದರೆ ಸಾಕು. ಗ್ಯಾರೇಜಿನವರ ‘ಆಗುತ್ತೆ’ ಬರುವುದು ಇಲ್ಲಿಂದ.

ನೆಲೆ ನಿಲ್ಲಲು ಹೋದ ಗಾಡಿಯ ಕಥೆ ಬೇರೆ. 1958ರಲ್ಲಿ ಯುರೋಪಿನ ದೇಶಗಳು ಜಿನೀವಾದಲ್ಲೇ ಇನ್ನೊಂದು ಒಪ್ಪಂದ ಮಾಡಿಕೊಂಡವು. ಒಂದು ದೇಶದಲ್ಲಿ ಪರೀಕ್ಷೆ ಪಾಸಾದ ಹೆಡ್‌ಲೈಟು, ಕನ್ನಡಿ, ಸೀಟ್ ಬೆಲ್ಟನ್ನು ಉಳಿದ ದೇಶಗಳೂ ಒಪ್ಪಬೇಕು ಅನ್ನುವುದು ಅದರ ಸಾರ. ಹೆಡ್‌ಲೈಟ್ ಗಾಜಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ನಂಬರ್ ನೋಡಿರುತ್ತೀರಿ. 1 ಅಂದರೆ ಜರ್ಮನಿ, 11 ಅಂದರೆ ಬ್ರಿಟನ್. ಭಾರತ ಆ ಒಪ್ಪಂದದಲ್ಲಿಲ್ಲ. 1998ರ ಇನ್ನೊಂದು ಒಪ್ಪಂದಕ್ಕೆ ನಾವು 2006ರಲ್ಲಿ ಸೇರಿದ್ದೇವೆ. ಆದರೆ ಅದು ನಿಯಮಗಳನ್ನು ಒಟ್ಟಿಗೆ ರೂಪಿಸುವುದಕ್ಕೆ ಮಾತ್ರ, ಒಬ್ಬರ ಸರ್ಟಿಫಿಕೇಟನ್ನು ಇನ್ನೊಬ್ಬರು ಒಪ್ಪುವುದಕ್ಕಲ್ಲ. ಹಾಗಾಗಿ ನಮ್ಮ ಪಿ.ಬಿ. ರಸ್ತೆಯ ಆ ತುದಿಯಲ್ಲಿರುವ ಪುಣೆಯ ಗಾಡಿ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಂದು ಮಾಡೆಲ್ಲನ್ನು ಪರೀಕ್ಷಿಸಿ ಪಾಸು ಮಾಡಿದ್ದರೂ ಆ ಪಾಸಿಗೆ ಬರ್ಲಿನ್‌ನಲ್ಲಿ ತಾನಾಗಿ ಬೆಲೆ ಬರುವುದಿಲ್ಲ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗೇ ಇಷ್ಟು ತೊಡಕು. ಅದರ ಮೇಲೆ ನಮ್ಮ ಗ್ಯಾರೇಜಿನ ಕೈಚಳಕವೂ ಸೇರಿದರೆ?

ಆ ಕೈಚಳಕದ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಿಜವಾದ ಗಂಟು ಅಲ್ಲೇ ಇದೆ ಅನ್ನುವುದು ನನ್ನ ಎಣಿಕೆ.

1939ರ ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿ ಆಲ್ಟರ್ ಮಾಡಿಸುವುದು ತಪ್ಪಾಗಿರಲಿಲ್ಲ. ಆರ್‌ಸಿ ಬುಕ್‌ನಲ್ಲಿ ಬರೆದದ್ದಕ್ಕೂ ಗಾಡಿಗೂ ವ್ಯತ್ಯಾಸ ಆಗುವಂಥ ಕೆಲಸ ಮಾಡಿಸುವಿರಾದರೆ ಮೊದಲು ತಿಳಿಸಿ, ಒಪ್ಪಿಗೆ ಪಡೆಯಿರಿ ಅಂತ ಅದು ಹೇಳುತ್ತಿತ್ತು. 1988ರ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದಾಗಲೂ 52ನೇ ಸೆಕ್ಷನ್ ಹೆಚ್ಚುಕಡಿಮೆ ಇದನ್ನೇ ಹೇಳಿತು. ಅರ್ಜಿ ಕೊಟ್ಟು ಏಳು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಿತು ಅಂತಲೇ ಲೆಕ್ಕ. ಸಣ್ಣಪುಟ್ಟ ಸಾಮಾನು ಹಾಕಿಸಿ ತೂಕ ಶೇಕಡಾ 2ರೊಳಗೆ ಏರುಪೇರಾದರೆ ಅರ್ಜಿಯೂ ಬೇಡ. ಗಾಡಿ ಮತ್ತು ಪುಸ್ತಕ ಒಂದಕ್ಕೊಂದು ಹೊಂದಬೇಕು ಅನ್ನುವುದೊಂದೇ ಕಾನೂನಿನ ಕಾಳಜಿಯಾಗಿತ್ತು.

ನಮ್ಮ ಕಡೆಯ ಜೀಪುಗಳನ್ನು ನೆನಪು ಮಾಡಿಕೊಳ್ಳಿ. ಜಗಳೂರು, ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಿಗೆ ಬಸ್ಸು ಕಡಿಮೆ ಇದ್ದ ಕಾಲ. ಪೆಟ್ರೋಲ್ ಜೀಪು ಸಾಕುವುದು ಕಷ್ಟವಾಯಿತು. 1973ರ ತೈಲ ಬಿಕ್ಕಟ್ಟಿನ ಮೇಲಂತೂ ಪೆಟ್ರೋಲಿನ ರೇಟು ಕೇಳಿದರೆ ಬೆವರು ಬರುತ್ತಿತ್ತು. ಹಾಗಾಗಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸುವುದು ಗ್ಯಾರೇಜುಗಳ ದಿನದ ಕೆಲಸವಾಯಿತು. ಅಂಬಾಸಿಡರ್ ಕಾರುಗಳಿಗೂ ಅದೇ ಚಿಕಿತ್ಸೆ. ಎಂಜಿನ್ ಮೌಂಟಿಂಗ್‌ಗೆ ಲೇತ್‌ನಲ್ಲಿ ಹೊಸ ಬ್ರಾಕೆಟ್, ರೇಡಿಯೇಟರ್ ಸ್ವಲ್ಪ ಮುಂದಕ್ಕೆ, ಭಾರ ಜಾಸ್ತಿ ಆಯಿತು ಅಂತ ಮುಂದಿನ ಪಾಟಾಕ್ಕೆ ಇನ್ನೊಂದು ಪಟ್ಟಿ. ಈ ಮೇಸ್ತ್ರಿಗಳ ಕೆಲಸದಲ್ಲಿ ವಿದ್ಯೆ ಇತ್ತು, ಅದನ್ನು ಕಡೆಗಣಿಸಬಾರದು. ಕೆಲಸ ಮುಗಿದ ಮೇಲೆ ಗಾಡಿಯನ್ನು ಬ್ರೇಕ್ ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಿ, ಹೊಸ ಎಂಜಿನ್ ನಂಬರು ಮತ್ತು ಇಂಧನವನ್ನು ಆರ್‌ಸಿಯಲ್ಲಿ ಏರಿಸಿಕೊಳ್ಳುವ ದಾರಿ ಇತ್ತು. ಎಲ್ಲರೂ ಆ ದಾರಿ ಹಿಡಿದರು ಅಂತಲ್ಲ. ಆದರೆ ಹಿಡಿಯಬೇಕು ಅಂದವನಿಗೆ ಬಾಗಿಲು ತೆರೆದಿತ್ತು.

2000ದ ಆಗಸ್ಟ್‌ನಲ್ಲಿ ಆ ಬಾಗಿಲು ಬಹುಪಾಲು ಮುಚ್ಚಿತು. ತಿದ್ದುಪಡಿಯಾದ 52ನೇ ಸೆಕ್ಷನ್ ಹೊಸ ಅಳತೆಗೋಲು ತಂದಿತು. ಗಾಡಿ ಕಂಪನಿಯವರು ಮೊದಲು ಹೇಳಿದ ವಿವರಕ್ಕೆ ಹೊಂದದ ಹಾಗೆ ಯಾರೂ ಆಲ್ಟರ್ ಮಾಡಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಕಿಟ್‌ಗಳಿಗೆ ಷರತ್ತಿನ ಮೇಲೆ ಅವಕಾಶ ಉಳಿಯಿತು. ಅದೇ ಜಾತಿಯ ಎಂಜಿನ್ ಬದಲಾಯಿಸಲು ಇನ್ನೊಂದು ಕಿಂಡಿ. ಉಳಿದದ್ದೆಲ್ಲ ಹೊರಗೆ. ಮೊದಲು ಗಾಡಿಯನ್ನು ಪುಸ್ತಕದ ಜೊತೆ ತೂಗುತ್ತಿದ್ದರು. ಈಗ ಗಾಡಿ, ಪುಸ್ತಕ ಎರಡನ್ನೂ ಕಂಪನಿಯ ಮೂಲ ನಕ್ಷೆಯ ಜೊತೆ ತೂಗಬೇಕಾಯಿತು.

ಇದಕ್ಕೆ ಕಾರಣ ಇರಲಿಲ್ಲ ಅನ್ನಲಾಗದು. ಛಾಸಿ ಉದ್ದ ಮಾಡಿಸಿ ಮಿತಿಗಿಂತ ಜಾಸ್ತಿ ಲೋಡು ಹೇರಿದ ಲಾರಿಗಳು, ಅಡುಗೆ ಸಿಲಿಂಡರನ್ನೇ ಡಿಕ್ಕಿಯಲ್ಲಿಟ್ಟು ಓಡಿಸಿದ ವ್ಯಾನುಗಳು, ಇವನ್ನೆಲ್ಲ ನಾವು ಕಣ್ಣಾರೆ ಕಂಡಿದ್ದೇವೆ. ಜನ ಸತ್ತಿದ್ದಾರೆ. ಕಟ್ಟುನಿಟ್ಟು ಬೇಕಿತ್ತು. ಆದರೆ ಗಾಡಿ ಆಲ್ಟರ್ ಮಾಡಿಸುವುದು ನಿಂತಿತಾ? ನಿಂತದ್ದು ಆರ್‌ಟಿಒ ಆಫೀಸಿಗೆ ಹೋಗಿ ಬರೆಸುವುದು. ಅಗಲ ಟೈರು, ಎತ್ತರಿಸಿದ ಸಸ್ಪೆನ್ಷನ್, ಬೇರೆ ಗಾಡಿಯ ಎಂಜಿನ್, ಡಿಸ್ಕ್ ಬ್ರೇಕು, ಎಲ್ಲವೂ ನಡೆದವು, ಸುಮ್ನೆ ಕಾಗದದ ಹೊರಗೆ ನಡೆದವು. ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಹೊತ್ತಿಗೆ ಹಳೆಯ ಭಾಗ ಜೋಡಿಸಿ, ಮುಗಿದ ಮೇಲೆ ಮತ್ತೆ ಹೊಸದನ್ನು ಹಾಕಿಸುವ ಅಭ್ಯಾಸ ಬೆಳೆಯಿತು. ಬ್ರೇಕು ಸುಧಾರಿಸಿದವನೂ ಸೈಲೆನ್ಸರ್ ಕತ್ತರಿಸಿ ಊರೆಲ್ಲ ಗಡಗಡ ಅನ್ನಿಸಿದವನೂ ಒಂದೇ ಸಾಲಿನಲ್ಲಿ ನಿಂತರು. ಈ ವ್ಯವಸ್ಥೆಯ ದೊಡ್ಡ ನಷ್ಟ ಇದೇ ಅನಿಸುತ್ತದೆ. ಒಳ್ಳೆಯ ಕೆಲಸಕ್ಕೂ ದಾಖಲೆ ಸಿಗದ ಹಾಗಾಯಿತು.

2019ರಲ್ಲಿ ಎರಡು ಘಟನೆಗಳು ನಡೆದವು. ಜನವರಿ 9ರಂದು, ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 52ನೇ ಸೆಕ್ಷನ್ನಿನ ಅರ್ಥವನ್ನು ಗಟ್ಟಿ ಮಾಡಿತು. ಕಂಪನಿಯ ಮೂಲ ವಿವರ ಮೀರುವ ಬದಲಾವಣೆಗೆ ರಾಜ್ಯದ ನಿಯಮದ ಹೆಸರಿನಲ್ಲಿ ಅವಕಾಶ ಇಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡ ಬಂತು. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜೊತೆಗೆ ಒಂದು ಒಳ್ಳೆಯ ಸಾಲೂ ಸೇರಿತು. ಯಾವ ಬದಲಾವಣೆಯನ್ನು ಯಾವ ಷರತ್ತಿನ ಮೇಲೆ ಒಪ್ಪಬಹುದು ಅಂತ ಕೇಂದ್ರ ಸರ್ಕಾರ ನಿಯಮ ಮಾಡಬಹುದು, ಆ ಪ್ರಕಾರ ಮಾಡಿಸಿದರೆ ಕಂಪನಿಯ ವಾರಂಟಿ ಕೂಡ ಬಿದ್ದುಹೋಗುವುದಿಲ್ಲ.

ಈಗ ಇಂಥ ಗಾಡಿ ಹಡಗು ಹತ್ತಿತು ಅಂದುಕೊಳ್ಳಿ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್. ಊರಲ್ಲಿ ಹತ್ತು ವರ್ಷ ಯಾರೂ ಕೇಳಿರಲಿಕ್ಕಿಲ್ಲ. ಅಲ್ಲಿ ಮೊದಲ ದಿನವೇ ಕೇಳುತ್ತಾರೆ.

ಜರ್ಮನಿಯಲ್ಲಿ ಆಲ್ಟರ್ ಮಾಡಿಸುವುದಕ್ಕೆ ನಿಷೇಧ ಇಲ್ಲ. ಆದರೆ ಗಾಡಿಯ ಸ್ವರೂಪ ಬದಲಾಗುವಂಥ ಕೆಲಸ ಮಾಡಿಸಿದರೆ ರಸ್ತೆಗಿಳಿಯುವ ಪರವಾನಗಿಯೇ ರದ್ದಾಗುತ್ತದೆ. ಟ್ಯೂಫ್‌ನಂಥ ಸಂಸ್ಥೆಯ ಎಂಜಿನಿಯರ್ ಆ ಒಂದು ಗಾಡಿಯನ್ನೇ ಪರೀಕ್ಷಿಸಿ, ಬದಲಾವಣೆಯನ್ನು ಕಾಗದದಲ್ಲಿ ಏರಿಸಬೇಕು. ಆ ಎಂಜಿನಿಯರ್ ಕೇಳುವುದು ಭಾಗದ ಪರೀಕ್ಷಾ ವರದಿಯನ್ನು. ಲೇತ್‌ನಲ್ಲಿ ಮಾಡಿಸಿದ ಬ್ರಾಕೆಟ್‌ಗೆ ವರದಿ ಎಲ್ಲಿಂದ ತರೋದು? ನ್ಯೂಜಿಲೆಂಡ್‌ನಲ್ಲೂ ಒಂದೊಂದು ಗಾಡಿಯನ್ನೂ ಬೇರೆಯಾಗಿ ನೋಡುವ ತಪಾಸಣೆ ಇದೆ. ಪಾಸಾದರೆ ಯಾವ ಯಾವ ಬದಲಾವಣೆಗೆ ಒಪ್ಪಿಗೆ ಸಿಕ್ಕಿದೆ ಅಂತ ಬರೆದ ಸಣ್ಣ ತಗಡನ್ನು ಗಾಡಿಗೇ ಹೊಡೆಯುತ್ತಾರೆ. ಬ್ರಿಟನ್‌ನಲ್ಲಿ ಹತ್ತು ವರ್ಷ ದಾಟಿದ ಗಾಡಿಗೆ ಹೀಗೆ ಒಂದೊಂದೇ ಗಾಡಿಯನ್ನು ನೋಡುವ ಪರೀಕ್ಷೆಯಿಂದ ವಿನಾಯಿತಿ ಇದೆ, ಅದು ಗುರುತೇ ಸಿಗದಷ್ಟು ಬದಲಾಗಿರಬಾರದು ಅಷ್ಟೆ. ಬಹಳ ವರ್ಷ ಅಲ್ಲಿ ಇದಕ್ಕೆ ಅಂಕ ಕೊಡುತ್ತಿದ್ದರು. ಮೂಲ ಛಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೇರಿಂಗ್‌ಗೆ ತಲಾ 2, ಎಂಜಿನ್‌ಗೆ ಬರೀ 1. ಎಂಟು ಅಂಕ ಬಂದರೆ ಹಳೆಯ ಗುರುತು ಉಳಿಯುತ್ತಿತ್ತು. ನಮ್ಮಲ್ಲಿ ಎಂಜಿನ್ ಬದಲಾದರೆ ಗಾಡಿಯೇ ಬದಲಾಯಿತು ಅನ್ನುತ್ತೇವೆ, ಅವರಿಗೆ ಛಾಸಿ ಮುಖ್ಯ.

ಆಸ್ಟ್ರೇಲಿಯಾದಲ್ಲಿ ತೊಡಕು ಬೇರೆ ಕಡೆಯಿಂದ ಬರುತ್ತದೆ. ಸ್ವಂತಕ್ಕೆ ತರುವ ಗಾಡಿಯನ್ನು ಹೊರದೇಶದಲ್ಲಿ ಕನಿಷ್ಠ 12 ತಿಂಗಳು ಇಟ್ಟುಕೊಂಡು ಓಡಿಸಿರಬೇಕು. ಅದು ನಮ್ಮವರಿಗೆ ಕಷ್ಟವಲ್ಲ. ಆದರೆ ಅಲ್ಲಿ 2003ರ ಡಿಸೆಂಬರ್ 31ರಿಂದ ಕಲ್ನಾರು (ಆಸ್ಬೆಸ್ಟಾಸ್) ಪೂರ್ತಿ ನಿಷೇಧ. ಹಳೆಯ ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಗ್ಯಾಸ್ಕೆಟ್‌ಗಳಲ್ಲಿ ಅದು ಇರುವ ಸಾಧ್ಯತೆ ಇದೆ. ಎಲ್ಲೆಲ್ಲಿಂದಲೋ ತಂದು ಜೋಡಿಸಿದ ಗಾಡಿಯಲ್ಲಿ ಯಾವ ಗ್ಯಾಸ್ಕೆಟ್ ಯಾವುದು ಅಂತ ಯಾರು ಹೇಳುತ್ತಾರೆ? ಹಡಗು ಹತ್ತುವ ಮೊದಲೇ ಬದಲಾಯಿಸಿ, ಬಿಲ್ಲು ಮತ್ತು ಲ್ಯಾಬ್ ವರದಿ ಇಟ್ಟುಕೊಳ್ಳುವುದೇ ಜಾಣತನ. ಛಾಸಿ ಕೆಳಗೆ ಅಂಟಿದ ನಮ್ಮ ಎರೆಮಣ್ಣನ್ನೂ ಪೂರ್ತಿ ತೊಳೆದು ಕಳಿಸಬೇಕು, ಮಣ್ಣು ಕಂಡರೆ ಬಂದರಿನಲ್ಲೇ ತಡೆಯುತ್ತಾರೆ.

ಅಮೆರಿಕದಲ್ಲಿ ಗಾಡಿಗೆ 25 ವರ್ಷ ತುಂಬಿದರೆ ಸುರಕ್ಷತೆಯ ನಿಯಮದಿಂದ ವಿನಾಯಿತಿ. ಹೊಗೆಯ ನಿಯಮಕ್ಕೆ 21 ವರ್ಷ ಸಾಕು, ಆದರೆ ಗಾಡಿ ಮೂಲ ಸ್ಥಿತಿಯಲ್ಲಿರಬೇಕು. ಹಳೇ ಜೀಪಿಗೆ ಬೇರೆ ಎಂಜಿನ್ ಕೂರಿಸಿದವರು ಎಡವುವುದು ಈ ಎರಡನೇ ಮಾತಿನಲ್ಲಿ. ಯುಎಇಯಲ್ಲಂತೂ ಬಲಗಡೆ ಸ್ಟೇರಿಂಗ್ ಇರುವ ಕಾರಿಗೆ ನಂಬರೇ ಸಿಗುವುದಿಲ್ಲ. ಹಾಗಂತ ಸ್ಟೇರಿಂಗ್ ಎಡಕ್ಕೆ ಹಾಕಿಸುತ್ತೇನೆ ಅಂತ ಹೊರಡಬೇಡಿ. ಅಷ್ಟು ಖರ್ಚಿಗೆ ಅಲ್ಲೇ ಒಂದು ಕಾರು ಬರುತ್ತದೆ.

ಬೈಕಿಗೆ ಎಡ ಬಲದ ಈ ಕಾಟ ಇಲ್ಲ. ಹೆಡ್‌ಲೈಟಿನ ಬೆಳಕು ಯಾವ ಕಡೆ ಬೀಳುತ್ತದೆ ಅನ್ನುವುದನ್ನು ಸರಿಪಡಿಸಿದರೆ ಆಯಿತು. ಅದಕ್ಕೇ ಹೊರದೇಶಕ್ಕೆ ಒಯ್ಯಲು ಕಾರಿಗಿಂತ ಬುಲೆಟ್ ವಾಸಿ.

ಇದೆಲ್ಲದರ ನಡುವೆ ಯಾರೂ ಅಷ್ಟು ಮಾತಾಡದ ಗಾಡಿಗಳಿವೆ. ಹಿಂದೆ ಎರಡು ಪಕ್ಕದ ಚಕ್ರ ಹಾಕಿಸಿದ ಸ್ಕೂಟರು, ಬ್ರೇಕು ಆಕ್ಸಿಲರೇಟರು ಎರಡನ್ನೂ ಕೈಗೆ ತಂದ ಕಾರು. ಕಾಲಿಗೆ ಶಕ್ತಿ ಇಲ್ಲದವರಿಗೆ ಇದು ಶೋಕಿಯಲ್ಲ, ಮನೆಯಿಂದ ಹೊರಗೆ ಹೋಗುವ ದಾರಿ. ಮಗಳ ಮನೆಗೆ ಅಂತ ಬೇರೆ ದೇಶಕ್ಕೆ ಹೊರಟವರು ಇಂಥ ಗಾಡಿಯನ್ನು ಒಯ್ಯಬೇಕು ಅಂದರೆ ಅದು ಸಹಜ. 2000ದಿಂದ ಎರಡು ದಶಕ ಇವರೂ ಅದೇ ಕಂಪನಿ ವಿವರದ ಮಾತಿನ ನೆರಳಿನಲ್ಲಿ ಬದುಕಿದರು. 2019ರ ತಿದ್ದುಪಡಿ ಇಲ್ಲಿ ಮಾತ್ರ ಸ್ಪಷ್ಟವಾಗಿದೆ. ಅಂಗವೈಕಲ್ಯ ಇರುವವರಿಗಾಗಿ ಗಾಡಿಯನ್ನು ಮೊದಲು ಬದಲಾಯಿಸಿಕೊಂಡು, ನಿಯಮದ ಷರತ್ತಿನಂತೆ ಇದ್ದರೆ, ಆಮೇಲೆ ಆರ್‌ಟಿಒ ಒಪ್ಪಿಗೆ ಪಡೆಯಬಹುದು. ಬದಲಾವಣೆ ಆರ್‌ಸಿಯಲ್ಲಿ ಏರುತ್ತದೆ. ಹೊರದೇಶದ ಎಂಜಿನಿಯರ್ ತನ್ನದೇ ಪರೀಕ್ಷೆ ಮಾಡುತ್ತಾನೆ, ನಿಜ. ಆದರೆ ಅವನ ಮುಂದೆ ಇಡಲು ಇವರ ಬಳಿ ಒಂದು ಸರ್ಕಾರಿ ಕಾಗದ ಇರುತ್ತದೆ. ಎಂಜಿನ್ ಬದಲಾಯಿಸಿದ ಜೀಪಿನವರಿಗೆ ಅದಿಲ್ಲ. ಇವರಿಗೆ ತೆರೆದ ಬಾಗಿಲನ್ನು, ಕಟ್ಟುನಿಟ್ಟಾದ ಪರೀಕ್ಷೆ ಇಟ್ಟು, ಉಳಿದವರಿಗೂ ತೆರೆಯಬಾರದೇಕೆ? ಹಾಗೆ ಮಾಡಲು ಬೇಕಾದ ಅಧಿಕಾರ ಅದೇ ತಿದ್ದುಪಡಿಯಲ್ಲಿದೆ.

ತಿರುಗಿ ಬರುವ ದಾರಿಯೂ ಸಲೀಸಲ್ಲ. ಹೊರದೇಶದಲ್ಲಿ ಓಡಿಸಿದ ಕಾರನ್ನು ಊರಿಗೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೇರಿಂಗ್ ಬಲಕ್ಕಿರಬೇಕು, ಹೆಡ್‌ಲೈಟು ಎಡಬದಿಯ ಸಂಚಾರಕ್ಕೆ ಹೊಂದಬೇಕು, ಸ್ಪೀಡೋಮೀಟರ್ ಕಿಲೋಮೀಟರ್ ತೋರಿಸಬೇಕು. ಇಳಿಸುವುದು ಮುಂಬೈ ಬಂದರಿನಲ್ಲೇ.

ಇವತ್ತು ದಾವಣಗೆರೆಯಿಂದಲೋ ಚಿತ್ರದುರ್ಗದಿಂದಲೋ ಗಾಡಿ ಸಮೇತ ಹೊರಡುವವರು ಕಂಟೇನರ್ ಬುಕ್ ಮಾಡುವ ಮೊದಲು ಆರ್‌ಸಿ ಹಿಡಿದು ಗಾಡಿಯ ಸುತ್ತ ಬರಬೇಕು. ಎಂಜಿನ್ ನಂಬರ್, ಛಾಸಿ ನಂಬರ್, ಇಂಧನ, ಸೀಟು, ಬಣ್ಣ, ಒಂದೊಂದನ್ನೂ ಹೊಂದಿಸಿ ನೋಡಬೇಕು. ಬಣ್ಣ, ಗ್ಯಾಸ್ ಕಿಟ್‌ನಂಥ ಇಲ್ಲೇ ಬರೆಸಬಹುದಾದ್ದನ್ನು ಬರೆಸಿಕೊಳ್ಳಬೇಕು. ಬರೆಸಲಾಗದ ಭಾಗವನ್ನು ಬಿಚ್ಚಿ, ಕಂಪನಿಯದನ್ನೇ ತಿರುಗಿ ಹಾಕಿಸಬೇಕು. ಇಲ್ಲಿ ಬಿಚ್ಚಿಸಿದರೆ ಮೇಸ್ತ್ರಿಯ ಕೂಲಿ ಮಾತ್ರ. ಅಲ್ಲಿ ಬಿಚ್ಚಿಸಬೇಕಾದರೆ ಗಂಟೆ ಲೆಕ್ಕದ ಕೂಲಿ, ಬಂದರಿನ ಬಾಡಿಗೆ, ಪರೀಕ್ಷೆಯ ಫೀಸು ಎಲ್ಲವನ್ನೂ ಡಾಲರಿನಲ್ಲೋ ಯೂರೋದಲ್ಲೋ ಕಟ್ಟಬೇಕಾಗುತ್ತದೆ.