ಝಾರಾ: ಮರುಹೊಂದಿಸಿದ ಅಕ್ಷರಗಳು, ಬಣ್ಣ ಕಾಣದ ಬಟ್ಟೆ

1975ರಲ್ಲಿ ಸ್ಪೇನಿನ ಲಾ ಕೊರುನ್ಯಾ ಬಂದರುನಗರದಲ್ಲಿ ಅಮಾನ್ಸಿಯೊ ಒರ್ಟೇಗಾ ಮತ್ತು ರೊಸಾಲಿಯಾ ಮೆರಾ ದಂಪತಿ ತಮ್ಮ ಬಟ್ಟೆ ಅಂಗಡಿಗೆ 'ಜೋರ್ಬಾ' (Zorba) ಎಂಬ ಹೆಸರನ್ನು ಆರಿಸಿದ್ದರು. ನಾಮಫಲಕದ ಅಚ್ಚುಗಳು ಸಿದ್ಧವಾದ ಮೇಲೆ ಹತ್ತಿರದಲ್ಲೇ ಅದೇ ಹೆಸರಿನ ಬಾರ್ ಇದೆಯೆಂದು ತಿಳಿಯಿತು. ಅಚ್ಚುಗಳನ್ನು ಎಸೆಯಲು ಮನಸ್ಸಾಗದೆ, ಅವುಗಳಲ್ಲೇ ಕೆಲವನ್ನು ಹೊಂದಿಸಿ 'ಝಾರಾ' (Zara) ಎಂದು ಮಾಡಿಕೊಂಡರೆಂಬುದು ಪ್ರಚಲಿತ ವೃತ್ತಾಂತ. ಅಕ್ಷರಗಳನ್ನು ಹೀಗೆ ಹೊಂದಿಸುವುದು ಒರ್ಟೇಗಾ ಅವರಿಗೆ ಹೊಸದೇನಲ್ಲ. 1963ರಲ್ಲಿ ಆರಂಭಿಸಿದ ಸ್ನಾನದ ನಿಲುವಂಗಿಗಳ ಘಟಕಕ್ಕೆ ಅವರು ಅಮಾನ್ಸಿಯೊ ಒರ್ಟೇಗಾ ಗಾವೊನಾ ಎಂಬ ತಮ್ಮ ಪೂರ್ಣ ಹೆಸರಿನ ಮೊದಲಕ್ಷರಗಳನ್ನು (AOG) ತಿರುವುಮುರುವಾಗಿಸಿ 'ಗೋವಾ' (GOA) ಎಂದಿಟ್ಟಿದ್ದರು.

ಹೆಸರಿನ ಮೇಲಿನ ಹಕ್ಕಿನ ವಿಷಯಕ್ಕೆ ಬಂದರೆ, ಟ್ರೇಡ್‌ಮಾರ್ಕ್ (ವ್ಯಾಪಾರದ ನೋಂದಾಯಿತ ಹೆಸರು ಅಥವಾ ಗುರುತು) ಪಡೆದವರು ಆ ಪದಕ್ಕೇ ಒಡೆಯರಾಗುತ್ತಾರೆಂಬುದು ತಪ್ಪು ತಿಳಿವಳಿಕೆ. ಈ ಸರಕು ಯಾರದು ಎಂದು ಕೊಳ್ಳುವವರಿಗೆ ಗೊಂದಲವಾಗದಂತೆ ತಡೆಯುವುದಷ್ಟೇ ಅದರ ಮೂಲ ಉದ್ದೇಶ. ಆದ್ದರಿಂದಲೇ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿ ಉಡುಪನ್ನು 25ನೆಯದರಲ್ಲಿ ಇರಿಸಲಾಗಿದೆ. 2022ರಲ್ಲಿ ಇಂಗ್ಲೆಂಡಿನ ಡಾರ್ಲಿಂಗ್ಟನ್ನಿನ 'ಹೌಸ್ ಆಫ್ ಝಾನಾ' ಎಂಬ ಪುಟ್ಟ ಉಡುಪಿನಂಗಡಿಯ ಹೆಸರಿಗೆ ಝಾರಾ ಎತ್ತಿದ ಆಕ್ಷೇಪವನ್ನು, ಕೊಳ್ಳುವವರಿಗೆ ಗೊಂದಲವಾಗದೆಂದು, ಅಲ್ಲಿನ ನ್ಯಾಯಮಂಡಳಿ ಒಪ್ಪಲಿಲ್ಲ.

ಮೊದಲೇ ಎರಕ ಹೊಯ್ದ ಅಚ್ಚು ಆಮೇಲೆ ತೊಡಕಾಗುತ್ತದೆ. ಬಟ್ಟೆಯ ವ್ಯಾಪಾರದಲ್ಲಿಯೂ ಹಾಗೆಯೇ. ಝಾರಾದ ವೇಗವೆಂದರೆ ಹೊಲಿಗೆ ಯಂತ್ರದ ವೇಗವೆಂದು ಅನೇಕರು ನಂಬಿದ್ದಾರೆ, ಆದರೆ ನಿಜವಾದ ಚಮತ್ಕಾರ ಇರುವುದು ತೀರ್ಮಾನವನ್ನು ತಡಮಾಡುವುದರಲ್ಲಿ. ಇತರ ವ್ಯಾಪಾರಿಗಳು ತಿಂಗಳುಗಟ್ಟಲೆ ಮೊದಲೇ ಬಣ್ಣವನ್ನು ಊಹಿಸುತ್ತಿದ್ದಾಗ, ಈ ಕಂಪನಿ ಬಟ್ಟೆಯ ದೊಡ್ಡ ಪಾಲನ್ನು ಬಣ್ಣ ಹಾಕದ ಕೋರಾ ರೂಪದಲ್ಲಿಯೇ ಇಟ್ಟುಕೊಂಡು, ಮಾರಾಟದ ಒಲವನ್ನು ನೋಡಿ ಬಣ್ಣ ಹಾಕಿಸುವ ಕ್ರಮವನ್ನು ಬೆಳೆಸಿತು. ಹೋಟೆಲಿನವರು ದೋಸೆಹಿಟ್ಟನ್ನು ರಾತ್ರಿಯೇ ರುಬ್ಬಿಡುತ್ತಾರೆ, ಆದರೆ ಸಾದಾ ಬೇಕೋ ಮಸಾಲೆ ಬೇಕೋ ಎಂದು ಗಿರಾಕಿ ಹೇಳಿದ ಮೇಲೆಯೇ ಕಾವಲಿಗೆ ಹುಯ್ಯುತ್ತಾರಲ್ಲವೇ? ಇಟಲಿಯ ಬೆನೆಟನ್ ಇದಕ್ಕೂ ಮೊದಲೇ ಸ್ವೆಟರುಗಳನ್ನು ಹೆಣೆದಾದ ಮೇಲೆ ಬಣ್ಣದಲ್ಲಿ ಅದ್ದಿ ಈ ಜಾಣ್ಮೆಯನ್ನು ತೋರಿಸಿತ್ತು.

ಬೇಡಿಕೆಯ ಸುದ್ದಿ ತಡವಾಗಿ ತಲುಪಿದರೆ ಏನಾಗುತ್ತದೆಂಬುದನ್ನು ಸ್ನಾನದ ಮನೆಯ ನಲ್ಲಿಯೇ ಹೇಳುತ್ತದೆ: ಬಿಸಿನೀರು ಬರಲಿಲ್ಲವೆಂದು ತಿರುಗಿಸುತ್ತಲೇ ಹೋದರೆ ಕೊನೆಗೆ ಮೈ ಸುಡುತ್ತದೆ. ಅಂಗಡಿಯಲ್ಲಿ ಬೇಡಿಕೆ ತುಸು ಏರಿದರೆ ಸಗಟು ವ್ಯಾಪಾರಿ ಹೆಚ್ಚು ತರಿಸುತ್ತಾನೆ, ಕಾರ್ಖಾನೆ ಇನ್ನೂ ಹೆಚ್ಚು ತಯಾರಿಸುತ್ತದೆ. ಬಾರುಕೋಲಿನ ಹಿಡಿ ಅಲ್ಪ ಅಲುಗಿದರೂ ತುದಿ ಛಟೀರೆಂದು ಬೀಸುವ ಹಾಗೆ. ಅಮೆರಿಕದ ಎಂಐಟಿ ತಂತ್ರಜ್ಞಾನ ಸಂಸ್ಥೆಯ ಜೇ ಫಾರೆಸ್ಟರ್ ಈ ಏರಿಳಿತವನ್ನು 1961ರ ವೇಳೆಗೇ ವಿವರಿಸಿದ್ದರು. ಝಾರಾದ ಮಳಿಗೆಗಳು ವಾರಕ್ಕೆ ಎರಡು ಬಾರಿ ಬೇಡಿಕೆಯನ್ನು ಕಳುಹಿಸುವುದರಿಂದ ಆ ಬಾರುಕೋಲು ಮೋಟಾಗುತ್ತದೆ.

ಹಾಗಾಗಿಯೇ ಒಲವು ಬೇಗ ಬದಲಾಗುವ ಉಡುಪುಗಳು ಸ್ಪೇನ್, ಪೋರ್ಚುಗಲ್, ಮೊರಾಕೊಗಳಂಥ ಸಮೀಪದ ನಾಡುಗಳಲ್ಲಿ ಹೊಲಿಗೆಯಾದರೆ, ಬೇಡಿಕೆ ಅಷ್ಟಾಗಿ ಅಲುಗದ ಸಾದಾ ಟೀ-ಶರ್ಟುಗಳು ಏಷ್ಯಾದ ದೂರದ ಕಾರ್ಖಾನೆಗಳಿಂದ ನಿಧಾನವಾಗಿ ಬಂದರೂ ನಡೆಯುತ್ತದೆ.