ನಮ್ಮ ಬೀದಿಯಲ್ಲಿ ಮನೆಗಳೇಳುತ್ತಿವೆ, ಚಾವಣಿ ಶೀಟಿನ ಕಂಪನಿಯ ಷೇರು ಕೊಳ್ಳಬಹುದೇ?

ಪ್ರಶ್ನೆ: ನಾನು ನಾಗರಬಾವಿಯಲ್ಲಿರುವ ನಿವೃತ್ತ ನೌಕರ. ನಮ್ಮ ಬೀದಿಯಲ್ಲೇ ನಾಲ್ಕು ಮನೆಗಳು ಏಳುತ್ತಿವೆ. ತುಮಕೂರು ರಸ್ತೆಯುದ್ದಕ್ಕೂ ಹೊಸ ಗೋದಾಮುಗಳು ಕಾಣುತ್ತಿವೆ. ಸಿಮೆಂಟ್ ಶೀಟು, ಬೋರ್ಡು, ಗೋಡೆಯ ಬ್ಲಾಕುಗಳನ್ನು ತಯಾರಿಸುವ ಕಂಪನಿಯೊಂದರ ಪಿ.ಇ. ಅನುಪಾತ (ಷೇರಿನ ಬೆಲೆ ಅದರ ವಾರ್ಷಿಕ ಗಳಿಕೆಯ ಎಷ್ಟು ಪಟ್ಟು ಎಂಬ ಲೆಕ್ಕ) ಕೇವಲ 10 ಇದೆ. ಮೂರು ವರ್ಷಕ್ಕೆಂದು ಹಣ ಹೂಡಬಹುದೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊಳ್ಳಿ, ಬಿಡಿ ಎಂದು ಹೇಳುವುದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತರಾದ ಸಲಹೆಗಾರರ ಕೆಲಸವಾದ್ದರಿಂದ, ಇಂಥ ಕಂಪನಿಯ ಲೆಕ್ಕವನ್ನು ಓದುವ ಬಗೆಯನ್ನಷ್ಟೇ ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ, ನಿಮ್ಮ ಬೀದಿಯ ನಾಲ್ಕು ಮನೆಗಳನ್ನು ಲೆಕ್ಕದಿಂದ ತೆಗೆದುಬಿಡಿ. ಅವುಗಳಿಗೆ ಆರ್‌ಸಿಸಿ ಚಾವಣಿ ಬೀಳುತ್ತದೆಯೇ ಹೊರತು ಶೀಟಲ್ಲ. ತುಮಕೂರು ರಸ್ತೆಯ ಗೋದಾಮುಗಳ ಮೇಲಿರುವುದು ಬಹುಪಾಲು ಬಣ್ಣ ಬಳಿದ ಉಕ್ಕಿನ ಶೀಟು, ಅಂದರೆ ಸಿಮೆಂಟ್ ಶೀಟಿನ ನೇರ ಪ್ರತಿಸ್ಪರ್ಧಿ. ಬೆಂಗಳೂರಿನಲ್ಲಿ ಸಿಮೆಂಟ್ ಶೀಟು ಉಳಿದುಕೊಂಡಿರುವುದು ಹೊರವಲಯದ ಬಾಡಿಗೆಯ ಶೀಟ್ ಮನೆಗಳ ಮೇಲೆ, ಸಣ್ಣ ಕಾರ್ಖಾನೆಗಳ ಹಳೆಯ ಶೆಡ್ಡುಗಳ ಮೇಲೆ. ಅದರ ದೊಡ್ಡ ಮಾರುಕಟ್ಟೆ ಹಳ್ಳಿ: ಮನೆ, ದನದ ಕೊಟ್ಟಿಗೆ, ಕೋಳಿ ಫಾರಂ. ಹಳ್ಳಿಯವರು ಸೂರು ಹೊದಿಸುವುದು ಯುಗಾದಿ ಕಳೆದ ಮೇಲೆ, ಮೃಗಶಿರಾ ಮಳೆ ಹಿಡಿಯುವ ಮುನ್ನ. ಆದ್ದರಿಂದ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಈ ಉದ್ಯಮದ ಲಾಭ ಉಕ್ಕುತ್ತದೆ, ಜುಲೈ–ಸೆಪ್ಟೆಂಬರ್‌ನಲ್ಲಿ ಸೊರಗುತ್ತದೆ. ಒಂದು ಒಳ್ಳೆಯ ಬೇಸಿಗೆಯ ಫಲಿತಾಂಶವನ್ನು ನಾಲ್ಕರಿಂದ ಗುಣಿಸಿ ವರ್ಷದ ಲಾಭವೆಂದುಕೊಳ್ಳುವವರು ಇಂದಿಗೂ ಇದ್ದಾರೆ.

ಇನ್ನು ವೆಚ್ಚದ ವಿಷಯ. 1901ರಲ್ಲಿ ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ ಪೇಟೆಂಟ್ ಪಡೆದ ವಿಧಾನದಲ್ಲೇ ಇಂದಿಗೂ ಶೀಟು ತಯಾರಾಗುತ್ತದೆ: ಸಿಮೆಂಟು, ಹಾರುಬೂದಿ, ನಾರು ಇವನ್ನು ನೀರಿನಲ್ಲಿ ಕಲಸಿ ತೆಳುಪದರಗಳನ್ನಾಗಿ ಸುತ್ತುವುದು. ಸಿಮೆಂಟು, ಹಾರುಬೂದಿಗಳು ದೇಶದೊಳಗೇ ಸಿಗುತ್ತವೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಂಥ ಕಡೆಗಳಲ್ಲಿ ಬೂದಿಗೆ ಬರವಿಲ್ಲ. ಸಮಸ್ಯೆ ಇರುವುದು ನಾರಿನಲ್ಲಿ, ಅಂದರೆ ಕಲ್ನಾರಿನಲ್ಲಿ (ಆಸ್ಬೆಸ್ಟಾಸ್). ತೂಕದಲ್ಲಿ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿದ್ದರೂ ವೆಚ್ಚದಲ್ಲಿ ಅದರ ಪಾಲು ಬಹಳ ದೊಡ್ಡದು, ಏಕೆಂದರೆ ಅದು ರಷ್ಯಾ, ಕಜಕಸ್ತಾನ, ಬ್ರೆಜಿಲ್‌ಗಳಿಂದ ಡಾಲರ್ ಲೆಕ್ಕದಲ್ಲಿ ಆಮದಾಗುತ್ತದೆ. ಉದಾಹರಣೆಗೆ, 100 ರೂಪಾಯಿ ಮಾರಾಟದಲ್ಲಿ ನಾರಿಗೆ 25 ರೂಪಾಯಿ ಹೋಗಿ 8 ರೂಪಾಯಿ ಕಾರ್ಯಾಚರಣೆಯ ಲಾಭ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಡಾಲರ್ 8% ಏರಿದರೆ 2 ರೂಪಾಯಿ ಹೆಚ್ಚು ತೆರಬೇಕು, ಅಂದರೆ ಲಾಭದ ಕಾಲುಭಾಗ ಅಲ್ಲಿಗೆ ಮುಗಿಯಿತು. ಅದನ್ನು ಗಿರಾಕಿಯ ಮೇಲೆ ಹೊರಿಸೋಣವೆಂದರೆ ಪಕ್ಕದ ಅಂಗಡಿಯಲ್ಲಿ ಉಕ್ಕಿನ ಶೀಟು ಕಾದು ನಿಂತಿರುತ್ತದೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಉಕ್ಕಿನ ಆಮದಿನ ಮೇಲೆ 12% ತಾತ್ಕಾಲಿಕ ರಕ್ಷಣಾ ಸುಂಕ ಹಾಕಿದ್ದು ಸಿಮೆಂಟ್ ಶೀಟಿನವರಿಗೂ ಖುಷಿ ತಂದಿದ್ದರೆ ಅದಕ್ಕೆ ಇದೇ ಕಾರಣ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಿದ್ದನ್ನು ಕೂಡ ಹಲವರು ಈ ಕಂಪನಿಗಳ ಲಾಭದ ಸಾಲಿಗೆ ಸೇರಿಸುತ್ತಾರೆ. ಇದು ಅಷ್ಟು ಸರಿಯಲ್ಲ. ಸಿಮೆಂಟು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಕಂಪನಿ ತನ್ನ ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಿದ್ದುದರಿಂದ ಅದರ ನಿಜವಾದ ವೆಚ್ಚ ಅಷ್ಟಾಗಿ ಇಳಿಯದು. ಆದರೆ ಸ್ವಂತಕ್ಕೆ ಮನೆ ಕಟ್ಟುವವನಿಗೆ ಆ ಸೌಲಭ್ಯವಿಲ್ಲ. ಅವನ ಪಾಲಿಗೆ ಕಾಂಕ್ರೀಟು ನಿಜಕ್ಕೂ ಅಗ್ಗವಾಗುತ್ತದೆ, ಅವನು ಶೀಟಿನ ಬದಲು ಆರ್‌ಸಿಸಿಯ ಕಡೆ ವಾಲಬಹುದು.

ಪಿ.ಇ. ಅನುಪಾತ 10 ಎಂದಿರಿ. ಏರಿಳಿತದ ಉದ್ಯಮಗಳಲ್ಲಿ ಈ ಅಂಕಿ ತಲೆಕೆಳಗಾಗಿ ಮಾತಾಡುತ್ತದೆ. ಒಳ್ಳೆಯ ವರ್ಷದಲ್ಲಿ ಷೇರಿಗೆ 60 ರೂಪಾಯಿ ಗಳಿಕೆ, ಬೆಲೆ 600 ಆದರೆ ಪಿ.ಇ. 10. ಕೆಟ್ಟ ವರ್ಷದಲ್ಲಿ ಗಳಿಕೆ 15ಕ್ಕೆ ಕುಸಿದು ಬೆಲೆ 450ಕ್ಕೆ ಇಳಿದರೆ ಪಿ.ಇ. 30. ಅಗ್ಗವೆಂದು ಕೊಂಡವರು ಕಾಲುಭಾಗ ಕಳೆದುಕೊಂಡಿರುತ್ತಾರೆ, ದುಬಾರಿಯೆಂದು ದೂರ ಸರಿದವರು ಮುಂದಿನ ಏರಿಕೆಯನ್ನು ತಪ್ಪಿಸಿಕೊಂಡಿರುತ್ತಾರೆ. ಏಳೆಂಟು ವರ್ಷಗಳ ಸರಾಸರಿ ಗಳಿಕೆಯಿಂದ ಬೆಲೆಯನ್ನು ಭಾಗಿಸಿ ನೋಡುವುದೇ ಲೇಸು.

ಸಾಲವನ್ನು ಓದುವಾಗ ಇದರ ವಿರುದ್ಧ ದಿಕ್ಕಿನ ತಪ್ಪಾಗುವುದುಂಟು. ಬೇಸಿಗೆಯ ಮಾರಾಟಕ್ಕೆಂದು ಕಾರ್ಖಾನೆಗಳು ಚಳಿಗಾಲದಿಂದಲೇ ಶೀಟು ತಯಾರಿಸಿ, ಕ್ಯೂರಿಂಗ್ ಮಾಡಿ ಪೇರಿಸಿಡುತ್ತವೆ. ಮಾರ್ಚ್ 31ರ ಬ್ಯಾಲೆನ್ಸ್ ಶೀಟು (ಆಸ್ತಿ, ಸಾಲಗಳ ಪಟ್ಟಿ) ಕಂಪನಿಯನ್ನು ದಾಸ್ತಾನು ತುಂಬಿದ, ಬ್ಯಾಂಕಿನ ಸಾಲ ಏರಿದ ಹೊತ್ತಿನಲ್ಲೇ ಹಿಡಿಯುತ್ತದೆ. ಮಾರ್ಚ್‌ನ ಸಾಲವನ್ನು ಕಂಡು ಗಾಬರಿಯಾಗಬೇಕಿಲ್ಲ. ಸೆಪ್ಟೆಂಬರ್ ಹೊತ್ತಿಗೂ ಅದು ಕರಗಿರದಿದ್ದರೆ ಮಾತ್ರ, ಮಾಲು ಮಾರಾಟವಾಗಿಲ್ಲವೋ ಅಥವಾ ವಿತರಕರಿಂದ ಹಣ ಬಂದಿಲ್ಲವೋ ಎಂದು ಕೇಳಲೇಬೇಕು.

ಕಲ್ನಾರಿನ ಇನ್ನೊಂದು ಮುಖ ಆರೋಗ್ಯದ್ದು, ಇದನ್ನು ನಾನು ಸಣ್ಣ ಅಡಿಟಿಪ್ಪಣಿಯಾಗಿ ನೋಡಲಾರೆ. ಅದರ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯೂರೋಪಿಯನ್ ಒಕ್ಕೂಟ 2005ರಿಂದ ನಿಷೇಧಿಸಿದೆ, ಅಮೆರಿಕದ ಪರಿಸರ ಸಂಸ್ಥೆ 2024ರ ಮಾರ್ಚ್‌ನಲ್ಲಿ ಬಿಳಿ ಕಲ್ನಾರನ್ನು ನಿಷೇಧಿಸುವ ನಿಯಮ ಹೊರಡಿಸಿತು. ನಮ್ಮಲ್ಲಿ ನಿಷೇಧ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತಾದರೂ, ಒಂದು ಅಧಿಸೂಚನೆಯಿಂದ ಮುಖ್ಯ ವಹಿವಾಟೇ ನಿಲ್ಲಬಹುದಾದ ಉದ್ಯಮಕ್ಕೆ ಷೇರುಪೇಟೆ ಕಡಿಮೆ ಬೆಲೆ ಕಟ್ಟುವುದು ಸಹಜ. ನೀವು ಕಂಡ 10ರೊಳಗೆ ಈ ಅಂಜಿಕೆಯೂ ಸೇರಿದೆ.

ನಿಮ್ಮ ಬೆಂಗಳೂರು ಇಂಥ ಕಂಪನಿಗಳಿಗೆ ದಕ್ಕುವುದು ಬೋರ್ಡು, ಪ್ಯಾನೆಲ್, ಹಗುರ ಬ್ಲಾಕುಗಳ ಮೂಲಕ: ಕಚೇರಿಯೊಳಗಿನ ಅಡ್ಡಗೋಡೆ, ಫಾಲ್ಸ್ ಸೀಲಿಂಗ್, ಅಪಾರ್ಟ್‌ಮೆಂಟಿನ ಒಳಗೋಡೆ. ಎವರೆಸ್ಟ್, ವಿಶಾಖ, ರಾಮ್‌ಕೋ ಇಂಡಸ್ಟ್ರೀಸ್, ಚಾರ್‌ಮಿನಾರ್ ಶೀಟಿನ ಎಚ್‌ಐಎಲ್ ಎಲ್ಲವೂ ಶೀಟಿನಾಚೆಗೆ ಕೈ ಚಾಚಿವೆ. 2025ರಲ್ಲಿ ಬಿರ್ಲಾನು ಎಂದು ಹೆಸರು ಬದಲಿಸಿಕೊಂಡ ಎಚ್‌ಐಎಲ್ 2018ರಲ್ಲೇ ಜರ್ಮನಿಯ ಪ್ಯಾರಡೋರ್ ಎಂಬ ನೆಲಹಾಸಿನ ಕಂಪನಿಯನ್ನು ಕೊಂಡಿತ್ತು. ಹೀಗಾಗಿ ಅದರ ಷೇರುದಾರ ಮುಂಗಾರಿನ ಜೊತೆಗೆ ಯೂರೋಪಿನ ಮನೆ ನಿರ್ಮಾಣದ ಮೇಲೂ ಕಣ್ಣಿಡಬೇಕಾಯಿತು. ರಾಮ್‌ಕೋ ಇಂಡಸ್ಟ್ರೀಸ್ ಕೊಂಡವನು ಅದರ ಕೈಲಿರುವ ರಾಮ್‌ಕೋ ಸಿಮೆಂಟ್ಸ್ ಷೇರುಗಳನ್ನೂ ಪರೋಕ್ಷವಾಗಿ ಕೊಂಡಂತೆ.

ಆದಕಾರಣ ಕಂಪನಿಯ ಒಟ್ಟು ಲಾಭವನ್ನು ಬಿಟ್ಟು, ಫಲಿತಾಂಶದ ಜೊತೆಗೆ ಬರುವ ವಿಭಾಗವಾರು ಪಟ್ಟಿಯನ್ನು ತೆರೆಯಿರಿ. ಬೋರ್ಡು, ಬ್ಲಾಕುಗಳ ವಿಭಾಗಕ್ಕೆ ತೊಡಗಿಸಿದ ಬಂಡವಾಳದ ಮೇಲೆ ಬ್ಯಾಂಕ್ ಬಡ್ಡಿಗಿಂತ ಹೆಚ್ಚು ಹುಟ್ಟುತ್ತಿದೆಯೇ, ಅಥವಾ ಶೀಟು ದುಡಿದದ್ದನ್ನು ಅದು ತಿನ್ನುತ್ತಿದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಸೆಪ್ಟೆಂಬರ್ ಕೊನೆಯ ಅರ್ಧವಾರ್ಷಿಕ ಬ್ಯಾಲೆನ್ಸ್ ಶೀಟು ನವೆಂಬರ್ 14ರೊಳಗೆ ಪ್ರಕಟವಾಗಲೇಬೇಕು. ಬೇಸಿಗೆಯ ಲಾಭದ ಸುದ್ದಿ ಆಗ ತಣ್ಣಗಾಗಿ, ಮಳೆಗಾಲದ ಬಡ ಅಂಕಿಗಳು ಹೊರಬಿದ್ದಿರುತ್ತವೆ. ಮೂರು ವರ್ಷಕ್ಕೆಂದು ಹೂಡುವವರು ಅಲ್ಲಿಯವರೆಗೆ ಕಾದರೆ ಕಳೆದುಕೊಳ್ಳುವುದೇನೂ ಇಲ್ಲ.